ಹಸಿದ ಪ್ರಾಣಿಗಳಿಂದ ಹೂಗಿಡ ಉಳಿಸಿಕೊಳ್ಳುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೇಲಿ ಕಟ್ಟಿದ್ದಾಯಿತು, ಖಾರದ ನೀರು ಹೊಡೆದದ್ದಾಯಿತು, ಹೊಳೆಯುವ ಪಟ್ಟಿ ತೂಗುಹಾಕಿದ್ದೂ ಆಯಿತು. ಆದರೂ ಬೆಳಗ್ಗೆ ನೋಡಿದರೆ ಮೊಗ್ಗಿಲ್ಲ. ಈ ದೂರಿನ ಹಿಂದೆ ಹೆಚ್ಚಾಗಿ ಒಂದೇ ಕಾರಣ ಇರುತ್ತದೆ. ತಿಂದವರು ಯಾರು ಅಂತ ತಿಳಿಯುವ ಮುಂಚೆಯೇ ಸಾಮಾನು ಕೊಂಡಿರುತ್ತಾರೆ. ಮೊಲಕ್ಕೆ ಬೇಕಾದ ಬೇಲಿ ಎರಡು ಅಡಿ, ಜಿಂಕೆಗೆ ಬೇಕಾದದ್ದು ಎಂಟು ಅಡಿ. ಕೋತಿಗೆ ಎರಡೂ ಲೆಕ್ಕಕ್ಕಿಲ್ಲ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟು ಮುಂದಕ್ಕೆ ಹಾರಿದರೆ ದುಡ್ಡೂ ಹೋಗುತ್ತದೆ, ಹೂವೂ ಹೋಗುತ್ತದೆ.

ಹಂತ 1: ತಿಂದವರು ಯಾರು, ಪತ್ತೆ ಮಾಡಿ

ಈ ಹಂತಕ್ಕೆ ಬೇಕಾದದ್ದು ಅಳತೆ ಟೇಪು, ಟಾರ್ಚು, ಸ್ವಲ್ಪ ಜರಡಿ ಹಿಡಿದ ಮರಳು ಅಥವಾ ಒಣಮಣ್ಣು. ಇಷ್ಟೇ. ಇನ್ನೂ ಏನನ್ನೂ ಕೊಳ್ಳಬೇಡಿ.

ಮೊದಲು ಕಚ್ಚಿದ ಜಾಗವನ್ನು ಹತ್ತಿರದಿಂದ ನೋಡಿ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲು ಇರುವುದಿಲ್ಲ. ಅದು ಚಿಗುರನ್ನು ಕತ್ತರಿಸುವುದಿಲ್ಲ, ಹಿಡಿದು ಎಳೆಯುತ್ತದೆ. ಹಾಗಾಗಿ ತುದಿ ಹರಿದು ನಾರುನಾರಾಗಿರುತ್ತದೆ. ಮೊಲಕ್ಕೆ ಮೇಲೂ ಕೆಳಗೂ ಚೂಪಾದ ಹಲ್ಲಿದೆ. ಅದು ತಿಂದ ಕಡ್ಡಿ ಚಾಕುವಿನಿಂದ ಓರೆಯಾಗಿ ಕೊಯ್ದಷ್ಟು ನುಣುಪಾಗಿ ಕಾಣುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೂ ಅರ್ಧ ಕೆಲಸ ಮುಗಿದಂತೆ.

ನಂತರ ಎತ್ತರ ಅಳೆಯಿರಿ. ನೆಲದಿಂದ ಎರಡು ಅಡಿಯೊಳಗೆ ಮಾತ್ರ ತಿಂದಿದ್ದರೆ ಮೊಲದ ಮೇಲೆ ಅನುಮಾನ ಇಡಿ. ಆರು ಅಡಿಯವರೆಗೂ ಚಿಗುರು ಮಾಯವಾಗಿದ್ದರೆ ಅದು ಜಿಂಕೆಯ ಕೆಲಸ ಇರಬಹುದು. ಗಿಡದ ನೆತ್ತಿಯ ಮೊಗ್ಗುಗಳೇ ಹೋಗಿ ಕೆಳಗಿನ ಎಲೆ ಹಾಗೇ ಇದ್ದರೆ ಹಕ್ಕಿ, ಅಳಿಲು ಅಥವಾ ಕೋತಿ. ಕೋತಿ ಬಂದಿದ್ದರೆ ಕೊಂಬೆಯೂ ಮುರಿದಿರುತ್ತದೆ, ಅರ್ಧ ತಿಂದ ಹೂವು ನೆಲದ ಮೇಲೆ ಚೆಲ್ಲಿರುತ್ತದೆ.

ಗಿಡಕ್ಕೆ ಏನೂ ಆಗಿಲ್ಲ, ಮಣ್ಣು ಮಾತ್ರ ಕೆದರಿದೆ ಅಂದರೆ ಗುಂಡಿಯ ಗಾತ್ರ ನೋಡಿ. ಸಣ್ಣ ಸಣ್ಣ ಗುಳಿಗಳು ಅಳಿಲಿನವು. ಅಂಗೈ ತೂರುವಷ್ಟು ಬಿಲ ಇದ್ದರೆ ಹೆಗ್ಗಣ. ಮಡಿಯನ್ನೇ ಉತ್ತ ಹಾಗೆ ಉದ್ದಕ್ಕೂ ಎಬ್ಬಿಸಿ ಹಾಕಿದ್ದರೆ ಕಾಡುಹಂದಿ. ಗೆಡ್ಡೆಯನ್ನು ಅಗೆದು ತಿಂದು, ಪಕ್ಕದ ಗಿಡದ ಬುಡದ ತೊಗಟೆಯನ್ನೂ ಕೆರೆದಿದ್ದರೆ ಮುಳ್ಳುಹಂದಿ ಇರಬಹುದು. ಸುತ್ತಮುತ್ತ ಬಿದ್ದ ಮುಳ್ಳು ಸಿಕ್ಕರೆ ಅನುಮಾನವೇ ಬೇಡ.

ಎಲೆಯಲ್ಲಿ ಅಡ್ಡಾದಿಡ್ಡಿ ತೂತು, ಅದರ ಮೇಲೆ ಒಣಗಿದ ಹೊಳಪು ಗೆರೆ ಕಂಡರೆ ಅದು ಬಸವನಹುಳು. ಅದಕ್ಕೆ ಬೇಲಿ ಕಟ್ಟುವ ಅಗತ್ಯ ಇಲ್ಲ. ರಾತ್ರಿ ಟಾರ್ಚು ಹಿಡಿದು, ಗ್ಲೌಸ್ ಹಾಕಿಕೊಂಡು ಆರಿಸಿ ತೆಗೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಕೆಲವು ಬಸವನಹುಳುಗಳಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಪರೋಪಜೀವಿ ಇರುತ್ತದೆ.

ಇಷ್ಟಾದರೂ ಖಚಿತವಾಗದಿದ್ದರೆ ಸಂಜೆ ಗಿಡದ ಸುತ್ತ ಮರಳು ಹರಡಿ, ಮಟ್ಟ ಮಾಡಿ. ಬೆಳಕು ಮುಳುಗುವಾಗ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ ನೋಡಿ. ಎರಡಾಗಿ ಸೀಳಿದ ಗೊರಸಿನ ಗುರುತು ಜಿಂಕೆ ಅಥವಾ ಹಂದಿಯದು. ಪುಟ್ಟ ಗೋಲಿಯಂತೆ ದುಂಡಗಿನ ಹಿಕ್ಕೆ ಮೊಲದ್ದು, ಸ್ವಲ್ಪ ಉದ್ದವಾಗಿದ್ದರೆ ಜಿಂಕೆಯದು. ತಿಂದದ್ದು ಹಗಲೋ ರಾತ್ರಿಯೋ ಅನ್ನುವುದೂ ಇದರಿಂದ ಗೊತ್ತಾಗುತ್ತದೆ. ಕೋತಿ, ಅಳಿಲು, ನವಿಲು, ಗಿಳಿ ಹಗಲಿನವು. ಮುಳ್ಳುಹಂದಿ, ಹೆಗ್ಗಣ ರಾತ್ರಿಯವು. ಹಳೆಯ ಮೊಬೈಲನ್ನು ಕಿಟಕಿಯಲ್ಲಿಟ್ಟು ರೆಕಾರ್ಡ್ ಮಾಡಿದರೂ ಆಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಅಂದರೆ, ಒಂದು ಪ್ರಾಣಿ ಕಣ್ಣಿಗೆ ಬಿದ್ದ ಕೂಡಲೇ ಹುಡುಕಾಟ ನಿಲ್ಲಿಸುವುದು. ಹಗಲು ಅಳಿಲು ಓಡಾಡಿದ್ದನ್ನು ನೋಡಿ ಅದರ ಮೇಲೆ ತಪ್ಪು ಹೊರಿಸುತ್ತಾರೆ, ರಾತ್ರಿ ಬಂದು ಗೆಡ್ಡೆ ತಿಂದ ಹೆಗ್ಗಣ ತಪ್ಪಿಸಿಕೊಳ್ಳುತ್ತದೆ. ಕೆಲವು ದಿನ ಸತತವಾಗಿ ನೋಡಿ.

ಹಂತ 2: ಕರೆದು ಕೂರಿಸುವ ವಸ್ತುಗಳನ್ನು ತೆಗೆಯಿರಿ

ಪ್ರಾಣಿ ಹೂವಿಗಾಗಿಯೇ ಬಂದಿರಬೇಕು ಅಂತೇನಿಲ್ಲ. ಬಿದ್ದ ಹಣ್ಣು, ತೆರೆದ ಕಸದ ಬುಟ್ಟಿ, ಮುಚ್ಚದ ಕಾಂಪೋಸ್ಟ್ ಗುಂಡಿ, ರಾತ್ರಿಯೆಲ್ಲ ಹೊರಗೆ ಉಳಿದ ನಾಯಿಯ ಊಟ, ಹಕ್ಕಿಗೆ ಹಾಕಿದ ಕಾಳು, ಇವು ಮೊದಲ ಸಲ ಕರೆತರುತ್ತವೆ. ಬಂದ ಮೇಲೆ ಮೊಗ್ಗು ಕಾಣುತ್ತದೆ. ಕೋತಿಗೆ ಯಾರಾದರೂ ಕೈಯಾರೆ ತಿಂಡಿ ಕೊಡುತ್ತಿದ್ದರೆ ಉಳಿದ ಯಾವ ಉಪಾಯವೂ ನಡೆಯುವುದಿಲ್ಲ.

ಅಡಗುವ ಜಾಗವನ್ನೂ ತೆಗೆಯಿರಿ. ಮೊಲ, ಹೆಗ್ಗಣ, ಬಸವನಹುಳು ಎಲ್ಲಕ್ಕೂ ಕಟ್ಟಿಗೆ ರಾಶಿ, ಎತ್ತರದ ಹುಲ್ಲು, ಹಲಗೆಯ ಅಡಿಭಾಗ ಇಷ್ಟ. ಹೂವಿನ ಮಡಿಯ ಸುತ್ತ ಎರಡು ಮೂರು ಅಡಿ ಜಾಗ ಬೋಳಾಗಿರಲಿ. ಕಟ್ಟಿಗೆ ರಾಶಿ ಎತ್ತುವಾಗ ಕೋಲಿನಿಂದ ಮೊದಲು ಸದ್ದು ಮಾಡಿ. ಅಲ್ಲಿ ಹಾವೂ ಇರಬಹುದು.

ಗೊಬ್ಬರದ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಸಾರಜನಕ ಜಾಸ್ತಿಯಾದರೆ ಗಿಡ ತುಂಬಾ ಎಳೆಯ, ರಸಭರಿತ ಚಿಗುರು ಬಿಡುತ್ತದೆ. ಮೇಯುವ ಪ್ರಾಣಿ ಹುಡುಕುವುದೂ ಅದನ್ನೇ. ಎಲುಬಿನ ಪುಡಿ ಹಾಕಿದ ಗುಂಡಿಯನ್ನು ನಾಯಿ, ಹಂದಿ, ಹೆಗ್ಗಣ ವಾಸನೆ ಹಿಡಿದು ಅಗೆಯುತ್ತವೆ.

ಹಂತ 3: ಯಾವ ಗಿಡಕ್ಕೆ ಕಾವಲು ಬೇಕು, ಆರಿಸಿ

ಇಡೀ ತೋಟಕ್ಕೆ ಬೇಲಿ ಹಾಕಲು ಹೊರಟವರು ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಅರ್ಧ ಬೇಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಲಾಬಿ, ದಾಸವಾಳ, ಲಿಲ್ಲಿ, ಟುಲಿಪ್, ಎಳೆಯ ಸೂರ್ಯಕಾಂತಿ, ಇವು ಪ್ರಾಣಿಗಳಿಗೆ ಬಲು ರುಚಿ. ಗುಲಾಬಿಗೆ ಮುಳ್ಳಿದೆ ಅಂತ ಧೈರ್ಯವಾಗಿರಬೇಡಿ, ಜಿಂಕೆ ಮುಳ್ಳು ತಪ್ಪಿಸಿ ಚಿಗುರು ಕೀಳುತ್ತದೆ. ಇಂಥವನ್ನೆಲ್ಲ ಒಂದೇ ಕಡೆ ಸೇರಿಸಿ ನೆಟ್ಟರೆ ಒಂದು ಗಟ್ಟಿ ಬೇಲಿ ಸಾಕು.

ಹೊರಗಿನ ಸಾಲಿಗೆ ಕಣಗಿಲೆ, ನಿತ್ಯಪುಷ್ಪ, ಲಂಟಾನ, ಡ್ಯಾಫೊಡಿಲ್, ಲ್ಯಾವೆಂಡರ್ ಥರದ ಗಿಡ ಹಾಕಬಹುದು. ಕಹಿ, ವಿಷ ಅಥವಾ ಘಾಟಿನ ಕಾರಣಕ್ಕೆ ಇವನ್ನು ಹೆಚ್ಚಿನ ಪ್ರಾಣಿಗಳು ಬಿಟ್ಟುಬಿಡುತ್ತವೆ. ಎರಡು ಎಚ್ಚರಿಕೆ. ಕಣಗಿಲೆ ಮನುಷ್ಯರಿಗೂ ದನಕರುಗಳಿಗೂ ವಿಷ, ಮಕ್ಕಳು ಆಡುವ ಕಡೆ ಬೇಡ. ಲಂಟಾನವೂ ದನಕರುಗಳಿಗೆ ವಿಷ, ಜೊತೆಗೆ ಬಿಟ್ಟರೆ ಹಬ್ಬಿ ಕಾಡಾಗುತ್ತದೆ. ಇನ್ನು ‘ಪ್ರಾಣಿ ಮುಟ್ಟದ ಗಿಡ’ ಅನ್ನುವ ಪಟ್ಟಿಗಳನ್ನು ಪೂರ್ತಿ ನಂಬಬೇಡಿ. ಹಸಿವು ಜಾಸ್ತಿಯಾದಾಗ ಪ್ರಾಣಿ ಪಟ್ಟಿ ನೋಡುವುದಿಲ್ಲ, ಅಲ್ವಾ?

ಹಂತ 4: ಬೇಲಿಯನ್ನು ಬುಡದಿಂದ ಶುರುಮಾಡಿ

ಕಾವಲಿನ ಜೀವಾಳ ಇದೇ. ವಾಸನೆ, ಸದ್ದು, ಬೆಳಕು ಎಲ್ಲ ಇದರ ಬೆನ್ನಿಗೆ ಬರುವ ಸಹಾಯಕರು. ಬೇಲಿ ಸೋಲುವುದು ಹೆಚ್ಚಾಗಿ ನೆಲಕ್ಕೆ ತಾಗುವ ಕೊನೆಯ ಗೇಣಿನಲ್ಲಿ. ಎಲ್ಲರೂ ಎತ್ತರದ ಬಗ್ಗೆ ಯೋಚಿಸುತ್ತಾರೆ, ಬುಡವನ್ನು ಮರೆಯುತ್ತಾರೆ.

ಬೇಕಾದ ಸಾಮಾನು: ತಂತಿ ಜಾಲರಿ, ಕಂಬ ಅಥವಾ ಗಟ್ಟಿ ಗೂಟ, ಕಟ್ಟುತಂತಿ, ಕಟಿಂಗ್ ಪ್ಲೈಯರ್, ಗುದ್ದಲಿ, ಸುತ್ತಿಗೆ, ದಪ್ಪ ಗ್ಲೌಸ್, ಮತ್ತು ಜಾಲರಿಯನ್ನು ನೆಲಕ್ಕೆ ಬಡಿಯಲು ಬಗ್ಗಿಸಿದ ಕಂಬಿ ಮೊಳೆಗಳು.

1. ಜಾಲರಿಯ ಕಣ್ಣು ಆರಿಸಿ. ಮೊಲಕ್ಕೆ ಒಂದು ಇಂಚು ಅಥವಾ ಅದಕ್ಕಿಂತ ಸಣ್ಣ ಕಣ್ಣಿರಲಿ. ದೊಡ್ಡ ಕಣ್ಣಿನಲ್ಲಿ ದೊಡ್ಡ ಮೊಲ ತೂರದಿದ್ದರೂ ಮರಿ ತೂರುತ್ತದೆ. ಹೆಗ್ಗಣ, ಇಲಿಗೆ ಅರ್ಧ ಇಂಚಿನ ಬೆಸುಗೆ ಜಾಲರಿಯೇ ಆಗಬೇಕು. ಹಲ್ಲಿರುವ ಪ್ರಾಣಿಗೆ ಪ್ಲಾಸ್ಟಿಕ್ ಬಲೆ ಒಂದು ರಾತ್ರಿಯ ಕೆಲಸ.

2. ಕಂಬ ನೆಡಿ. ಮೂಲೆಯ ಕಂಬಕ್ಕೆ ಓರೆ ಆಧಾರ ಕೊಡಿ. ಜಾಲರಿ ಬಿಗಿಯುವಾಗ ಪೂರ್ತಿ ಎಳೆತ ಮೂಲೆಗೇ ಬೀಳುತ್ತದೆ. ಅಲ್ಲಿ ಕಂಬ ಬಾಗಿದರೆ ಇಡೀ ಬೇಲಿ ಜೋತುಬೀಳುತ್ತದೆ.

3. ಬುಡ ಕಟ್ಟಿ. ಜಾಲರಿಯ ಕೆಳಭಾಗದ ಒಂದು ಅಡಿಯನ್ನು ಹೊರಗಿನ ಕಡೆಗೆ ಮಡಚಿ ನೆಲದ ಮೇಲೆ ಹಾಸಿ, ಮೊಳೆ ಬಡಿದು ಮಣ್ಣು ಮುಚ್ಚಿ. ಅಗೆಯುವ ಪ್ರಾಣಿ ಬೇಲಿಯ ಬುಡಕ್ಕೇ ಬಂದು ಅಗೆಯುತ್ತದೆ, ಹಿಂದೆ ಸರಿದು ಅಗೆಯಲು ಅದಕ್ಕೆ ತೋಚುವುದಿಲ್ಲ. ಉಗುರಿಗೆ ಜಾಲರಿ ಸಿಕ್ಕ ಕೂಡಲೇ ಬಿಟ್ಟುಹೋಗುತ್ತದೆ. ಮಡಿಕೆಯನ್ನು ಒಳಗಿನ ಕಡೆಗೆ ಹಾಕುವುದು ತುಂಬಾ ಸಾಮಾನ್ಯವಾದ ತಪ್ಪು. ಒಳಮಡಿಕೆಯ ಬೇಲಿಯ ಬುಡದಲ್ಲಿ ಹೊರಗಿನಿಂದ ಅಗೆಯಲು ಅಡ್ಡಿಯೇ ಇರುವುದಿಲ್ಲ. ಮೊಲಕ್ಕಾದರೆ ಆರು ಇಂಚು ನೇರವಾಗಿ ಹೂತರೂ ನಡೆಯುತ್ತದೆ. ಮುಳ್ಳುಹಂದಿಗೆ ಒಂದು ಅಡಿಗಿಂತ ಕಡಿಮೆ ಹೂಳಬೇಡಿ, ಹೊರಮಡಿಕೆಯೂ ಇರಲಿ.

4. ಎತ್ತರ ನೋಡಿ. ಮೊಲಕ್ಕೆ ಎರಡರಿಂದ ಎರಡೂವರೆ ಅಡಿ. ಜಿಂಕೆಗೆ ಏಳರಿಂದ ಎಂಟು ಅಡಿ. ಅಷ್ಟು ಎತ್ತರ ಕಟ್ಟಲಾಗದಿದ್ದರೆ ಬೇರೆ ದಾರಿ ಇದೆ. ನಾಲ್ಕು ಅಡಿಯ ಎರಡು ಬೇಲಿಗಳನ್ನು ನಾಲ್ಕರಿಂದ ಐದು ಅಡಿ ಅಂತರದಲ್ಲಿ ಸಮಾನಾಂತರವಾಗಿ ಕಟ್ಟಿ. ಜಿಂಕೆ ಎತ್ತರಕ್ಕೂ ಹಾರಬಲ್ಲದು, ಉದ್ದಕ್ಕೂ ಹಾರಬಲ್ಲದು. ಎರಡನ್ನೂ ಒಂದೇ ನೆಗೆತದಲ್ಲಿ ಮಾಡಬೇಕಾದಾಗ, ಎಲ್ಲಿ ಕಾಲೂರುವುದು ಅಂತ ತಿಳಿಯದಾಗ ಹಿಂಜರಿಯುತ್ತದೆ. ಇಕ್ಕಟ್ಟಾದ ಪುಟ್ಟ ಜಾಗದೊಳಗೂ ಹಾರಲು ಅದಕ್ಕೆ ಮನಸ್ಸಿಲ್ಲ. ಆದ್ದರಿಂದ ಸಣ್ಣ ಮಡಿಯ ಸುತ್ತ ಇನ್ನೂ ಗಿಡ್ಡ ಬೇಲಿ ಸಾಕಾಗುವುದೂ ಉಂಟು.

5. ಹೊಸ ಬೇಲಿಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ. ಕತ್ತಲಲ್ಲಿ ಜಿಂಕೆಗೆ ತೆಳು ತಂತಿ ಕಾಣುವುದಿಲ್ಲ. ನೇರ ಬಂದು ಗುದ್ದಿದರೆ ಬೇಲಿಗೂ ಪೆಟ್ಟು, ಅದಕ್ಕೂ ಪೆಟ್ಟು.

6. ಗೇಟನ್ನು ಬೇಲಿಯಷ್ಟೇ ಎತ್ತರಕ್ಕೆ, ಅದೇ ಜಾಲರಿಯಲ್ಲಿ ಮಾಡಿ. ಗೇಟಿನ ಕೆಳಗೆ ಕಲ್ಲಿನ ಅಥವಾ ಮರದ ಹೊಸ್ತಿಲು ಹಾಕಿ. ಎಂಟಡಿ ಬೇಲಿ ಕಟ್ಟಿ, ಗೇಟಿನ ಅಡಿಯಲ್ಲಿ ಗೇಣು ಸಂದು ಬಿಟ್ಟ ತೋಟಗಳು ಬೇಕಾದಷ್ಟಿವೆ. ಜಿಂಕೆ ಕೂಡ ಹಾರುವ ಮೊದಲು ನುಸುಳಲು ದಾರಿ ಇದೆಯಾ ಅಂತ ನೋಡುತ್ತದೆ.

ಕಾಡುಹಂದಿ ಬರುವ ಕಡೆ ಲೆಕ್ಕ ಬೇರೆ. ಅದು ಮೂತಿ ತೂರಿಸಿ ಜಾಲರಿಯನ್ನೇ ಎತ್ತುತ್ತದೆ. ಕೋಳಿಗೂಡಿನ ತೆಳು ಜಾಲರಿ ಅದಕ್ಕೆ ತಡೆಯೇ ಅಲ್ಲ. ದಪ್ಪ ಕಂಬಿಯ ಜಾಲರಿ ಬೇಕು. ಬುಡದುದ್ದಕ್ಕೂ ಬಿಗಿಯಾಗಿ ಎಳೆದ ತಂತಿ ಬೇಕು. ಗೂಟಗಳು ಹತ್ತಿರ ಹತ್ತಿರ ಇರಬೇಕು. ಹಂದಿ ಎದುರಿಗೆ ಬಂದರೆ ನೀವೇ ಪಕ್ಕಕ್ಕೆ ಸರಿಯಿರಿ. ಮರಿ ಜೊತೆಗಿದ್ದರಂತೂ ಓಡಿಸಲು ಹೋಗಲೇಬೇಡಿ.

ಒಂದೆರಡು ಗಿಡ ಮಾತ್ರ ಇದ್ದರೆ ಇಷ್ಟೆಲ್ಲ ಬೇಡ. ಜಾಲರಿಯನ್ನು ಕೊಳವೆಯಂತೆ ಸುತ್ತಿ ಗಿಡಕ್ಕೊಂದು ಪಂಜರ ಮಾಡಿ. ಎಲೆಗೂ ಜಾಲರಿಗೂ ಒಂದು ಅಡಿ ಅಂತರ ಇರಲಿ, ಇಲ್ಲದಿದ್ದರೆ ಜಿಂಕೆ ಹೊರಗಿನಿಂದಲೇ ನಾಲಿಗೆ ಚಾಚುತ್ತದೆ. ಮೂರು ಕಡೆ ಗೂಟ ಬಡಿಯಿರಿ.

ಹಂತ 5: ಮೇಲಿನಿಂದ ಬರುವವರಿಗೆ ಮಾಡು ಹಾಕಿ

ಕೋತಿಗೆ ಬೇಲಿ ಅಂದರೆ ಏಣಿ. ಅದನ್ನು ತಡೆಯಲು ನಾಲ್ಕೂ ಗೋಡೆ ಮತ್ತು ಮೇಲ್ಛಾವಣಿ ಇರುವ ಜಾಲರಿ ಗೂಡು ಒಂದೇ ಭರವಸೆಯ ದಾರಿ. ತೋಟಕ್ಕೆಲ್ಲ ಇದು ಆಗದ ಮಾತು. ಆದ್ದರಿಂದ ಮೊಗ್ಗು ಬಿಡುವ ಆರೆಂಟು ಗಿಡಗಳಿಗೆ ಮಾತ್ರ ಕಬ್ಬಿಣದ ಚೌಕಟ್ಟಿನಲ್ಲಿ ಬೆಸುಗೆ ಜಾಲರಿಯ ಗೂಡು ಮಾಡಿ, ಬಾಗಿಲಿಗೆ ಚಿಲಕದ ಜೊತೆ ಕೊಕ್ಕೆಯನ್ನೂ ಹಾಕಿ. ಸುಮ್ನೆ ಮುಚ್ಚಿಟ್ಟ ಚಿಲಕ ತೆಗೆಯುವುದನ್ನು ಕೋತಿ ಬೇಗ ಕಲಿಯುತ್ತದೆ. ಹತ್ತಿರ ಬಂದಾಗ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಹಲ್ಲು ತೋರಿಸಿ ನಗಬೇಡಿ. ಅವು ಅದನ್ನು ಜಗಳದ ಕರೆ ಅಂದುಕೊಳ್ಳುತ್ತವೆ.

ಹಕ್ಕಿಗೆ ಬಲೆ ಸಾಕು. ಅಳಿಲು ಪ್ಲಾಸ್ಟಿಕ್ ಬಲೆಯನ್ನು ಕಡಿದುಬಿಡುತ್ತದೆ, ಅದಕ್ಕೆ ತಂತಿ ಜಾಲರಿಯೇ ಬೇಕು. ಆದರೆ ಬಲೆ ಹಾಕುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಗಿಡದ ಮೇಲೆ ಬಲೆಯನ್ನು ಹಾಗೇ ಎಸೆದರೆ ಹಕ್ಕಿ ಹೊರಗಿನಿಂದಲೇ ಮೊಗ್ಗು ಕುಕ್ಕುತ್ತದೆ, ಚಿಗುರು ಬಲೆಯೊಳಗೆ ಹೆಣೆದುಕೊಂಡು ತೆಗೆಯುವಾಗ ಮುರಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಜೋಲುಬಿದ್ದ ಬಲೆಗೆ ಹಕ್ಕಿ, ಹಾವು, ಓತಿಕ್ಯಾತ ಸಿಕ್ಕಿಕೊಂಡು ಸಾಯುತ್ತವೆ. ಮೊದಲು ಬಾಗಿಸಿದ ಪೈಪಿನಿಂದ ಕಮಾನು ನಿಲ್ಲಿಸಿ. ಅದರ ಮೇಲೆ ಬಲೆಯನ್ನು ಡೋಲಿನ ಚರ್ಮದಷ್ಟು ಬಿಗಿ ಎಳೆಯಿರಿ. ಅಂಚನ್ನು ನೆಲಕ್ಕೆ ಒತ್ತಿ ಕಟ್ಟಿ. ಕಣ್ಣಿನೊಳಗೆ ನಿಮ್ಮ ಬೆರಳು ತೂರಿದರೆ ಆ ಬಲೆ ಬೇಡ, ಅದಕ್ಕಿಂತ ಸಣ್ಣದು ತನ್ನಿ. ಬಿಳಿ ಬಣ್ಣದ್ದಾದರೆ ಪ್ರಾಣಿಗಳಿಗೆ ಚೆನ್ನಾಗಿ ಕಾಣುತ್ತದೆ.

ಇಷ್ಟು ಸಣ್ಣ ಕಣ್ಣಿನ ಬಲೆಯೊಳಗೆ ಜೇನು, ಚಿಟ್ಟೆ ಸುಲಭವಾಗಿ ಬರಲಾರವು. ಹೂವು ಸಾಕು, ಬೀಜ ಬೇಡ ಅಂದರೆ ತೊಂದರೆ ಇಲ್ಲ. ಬೀಜ ಬೇಕಿದ್ದರೆ ಹೂ ಅರಳಿದ ಮೇಲೆ, ನೀವು ತೋಟದಲ್ಲಿರುವ ಹೊತ್ತಿಗೆ ಬಲೆ ಎತ್ತಿಡಿ.

ಒಂದು ಮಾತು: ಹೂವಿನ ಮೇಲೆ ಕೂತ ಪ್ರತಿ ಹಕ್ಕಿಯೂ ಶತ್ರು ಅಲ್ಲ. ಸೂರಕ್ಕಿ ಮಕರಂದಕ್ಕೆ ಬರುತ್ತದೆ, ಹುಳಗಳನ್ನೂ ತಿನ್ನುತ್ತದೆ. ಅದನ್ನು ಓಡಿಸಿ ಏನೂ ಲಾಭವಿಲ್ಲ.

ಹಂತ 6: ಮಣ್ಣಿನೊಳಗಿನ ಗೆಡ್ಡೆ ಕಾಯಿರಿ

ಅಳಿಲಿಗೆ ಗೆಡ್ಡೆ ಸಿಗುವುದು ಹೊಸದಾಗಿ ಅಗೆದ ಮಣ್ಣಿನಿಂದ. ನೆಟ್ಟ ದಿನವೇ ಸುಲಿದ ಸಿಪ್ಪೆಗಳನ್ನು ಆರಿಸಿ ದೂರ ಹಾಕಿ, ಮಣ್ಣು ಒತ್ತಿ ನೀರು ಹಾಯಿಸಿ. ಮೇಲೆ ಒಂದು ಇಂಚು ಕಣ್ಣಿನ ಜಾಲರಿ ಹಾಸಿ, ಅಂಚುಗಳಿಗೆ ಮೊಳೆ ಬಡಿದು ತೆಳ್ಳಗೆ ಮಣ್ಣು ಮುಚ್ಚಿ. ಸಣ್ಣ ಗಿಡಗಳ ಮೊಳಕೆ ಕಣ್ಣಿನ ನಡುವಿನಿಂದ ಮೇಲೆ ಬರುತ್ತದೆ. ದಪ್ಪ ಕಾಂಡದ ಲಿಲ್ಲಿಯಂಥವಕ್ಕೆ ಮೊಳಕೆ ಕಂಡ ಕೂಡಲೇ ಜಾಲರಿ ತೆಗೆಯಿರಿ, ಇಲ್ಲದಿದ್ದರೆ ಕಾಂಡವನ್ನು ತಂತಿ ಕೊಯ್ಯುತ್ತದೆ.

ಹೆಗ್ಗಣ ಅಡಿಯಿಂದ ಬರುತ್ತದೆ. ಅದಕ್ಕೆ ಗೆಡ್ಡೆಯನ್ನು ಪೂರ್ತಿಯಾಗಿ, ಅಡಿ, ಬದಿ ಎಲ್ಲ ಅರ್ಧ ಇಂಚಿನ ಜಾಲರಿಯ ಬುಟ್ಟಿಯಲ್ಲಿಟ್ಟು ನೆಡಬೇಕು. ಮೇಲಿನ ಮುಚ್ಚಳಕ್ಕೆ ಮಾತ್ರ ಒಂದು ಇಂಚಿನ ಕಣ್ಣು ಇರಲಿ, ಅಲ್ಲಿಂದ ಮೊಳಕೆ ಬರಬೇಕಲ್ಲ. ಕುಂಡಗಳಿಗೆ ಮಣ್ಣಿನ ಮೇಲೆ ದುಂಡಗೆ ಕತ್ತರಿಸಿದ ಜಾಲರಿ ಹಾಸಿ, ಕಾಂಡಕ್ಕೆ ಜಾಗ ಬಿಡಿ. ಅಷ್ಟೇ.

ಹಂತ 7: ವಾಸನೆ, ಖಾರ, ನೀರಿನ ಚಿಮ್ಮು

ಬೇಲಿ ಆದ ಮೇಲೆ, ಅಥವಾ ಬೇಲಿ ಕಟ್ಟಲಾಗದ ಕಡೆ ಇವನ್ನು ಬಳಸಿ. ಜಿಂಕೆಗೆ ಮೊಟ್ಟೆಯ ದ್ರಾವಣ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಪಾಲು ಹಸಿ ಮೊಟ್ಟೆಗೆ ನಾಲ್ಕು ಪಾಲು ನೀರು. ಮೊಟ್ಟೆಯೊಳಗಿನ ಬಿಳಿ ದಾರದಂಥ ಎಳೆಯನ್ನು ಮೊದಲೇ ತೆಗೆದು, ಕದಡಿ, ಬಟ್ಟೆಯಲ್ಲಿ ಸೋಸಿ. ಈ ಎಳೆ ಬಿಟ್ಟರೆ ಸ್ಪ್ರೇಯರ್ ಬಾಯಿ ಕಟ್ಟಿಕೊಳ್ಳುತ್ತದೆ. ಒಣ ದಿನ ನೋಡಿ ಚಿಗುರು ಮತ್ತು ಮೊಗ್ಗಿನ ಸುತ್ತ ಸಿಂಪಡಿಸಿ. ಮೊದಲು ಒಂದೆರಡು ಎಲೆಗೆ ಹೊಡೆದು ಮರುದಿನ ಸುಟ್ಟಿದೆಯಾ ನೋಡಿ, ಆಮೇಲೆ ಪೂರ್ತಿ.

ಖಾರದ ನೀರು ಸಸ್ತನಿಗಳಿಗೆ ಮಾತ್ರ. ಹಕ್ಕಿಗಳಿಗೆ ಮೆಣಸಿನಕಾಯಿಯ ಉರಿ ತಟ್ಟುವುದೇ ಇಲ್ಲ. ಗಿಳಿಗೆ, ನವಿಲಿಗೆ ಖಾರ ಹೊಡೆಯುವುದು ವ್ಯರ್ಥ. ಗಾಳಿ ಬೀಸುವಾಗ ಹೊಡೆಯಬೇಡಿ, ಕನ್ನಡಕ ಹಾಕಿಕೊಳ್ಳಿ.

ಸಿಂಪಡಣೆ ಸೋಲುವುದು ಎರಡು ಕಾರಣಕ್ಕೆ. ಒಂದು, ಜೋರು ಮಳೆ ತೊಳೆದುಬಿಡುತ್ತದೆ. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ. ಸಿಂಪಡಿಸಿದ ಮೇಲೆ ಬಂದ ಹೊಸ ಚಿಗುರಿಗೆ ಏನೂ ತಾಗಿರುವುದಿಲ್ಲ, ಪ್ರಾಣಿಗೆ ಬೇಕಾದದ್ದೂ ಅದೇ ಚಿಗುರು. ಆದ್ದರಿಂದ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಚಿಗುರು ಓಡುವ ಕಾಲದಲ್ಲಿ ಇನ್ನೂ ಬೇಗ, ಮತ್ತೆ ಹೊಡೆಯಬೇಕು.

ಚಲನೆ ಕಂಡಾಗ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಜಿಂಕೆ, ಬೆಕ್ಕು, ಮೊಲಗಳನ್ನು ಬೆಚ್ಚಿಸುತ್ತದೆ. ಅದರ ಜಾಗವನ್ನು ಆಗಾಗ ಬದಲಿಸಿ. ಬೆದರುಬೊಂಬೆ, ಸಿಡಿ ತಟ್ಟೆ, ಮಿನುಗುವ ದೀಪ, ರೇಡಿಯೊ ಎಲ್ಲ ಕೆಲವೇ ದಿನ. ಒಂದೇ ಜಾಗದಲ್ಲಿ ನಿಂತ ಬೊಂಬೆಯ ತಲೆಯ ಮೇಲೆಯೇ ಹಕ್ಕಿ ಕೂರುತ್ತದೆ. ಕಿವಿಗೆ ಕೇಳದ ಸದ್ದು ಮಾಡುತ್ತವೆ ಅಂತ ಮಾರುವ ಯಂತ್ರಗಳಿಗೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಇನ್ನಷ್ಟು ಜಾಲರಿ ಬರುತ್ತದೆ.

ಹಂತ 8: ಹೊತ್ತು ನೋಡಿ, ನಿಗಾ ಇಡಿ

ಈ ಎಲ್ಲ ಕೆಲಸ ಮೊಗ್ಗು ಕಟ್ಟುವ ಮುಂಚೆಯೇ ಮುಗಿದಿರಲಿ. ಒಮ್ಮೆ ರುಚಿ ಕಂಡ ಪ್ರಾಣಿ ಬೇಲಿಯನ್ನು ಅಲುಗಿಸಿ ನೋಡುತ್ತದೆ, ರುಚಿ ಕಾಣದ್ದು ಪಕ್ಕದಿಂದ ಹಾದುಹೋಗುತ್ತದೆ. ಹೊರಗೆ ಹಸಿರು, ನೀರು ಕಡಿಮೆಯಾಗುವ ಕಾಲದಲ್ಲಿ ಕಾಟ ಜಾಸ್ತಿ.

ದಿನಾ ಬೆಳಗ್ಗೆ ಬೇಲಿಯ ಸುತ್ತ ಒಂದು ಸುತ್ತು ಹಾಕಿ. ಏನಾದರೂ ಬಲೆಗೆ ಸಿಕ್ಕಿಕೊಂಡಿದ್ದರೆ ಆಗಲೇ ಬಿಡಿಸಬಹುದು. ಈ ಸೂಚನೆಗಳು ಕಂಡರೆ ತಡಮಾಡಬೇಡಿ:

- ಬೇಲಿಯ ಬುಡದಲ್ಲಿ ಹಸಿ ಮಣ್ಣು ಕೆದರಿದೆ. ಅವತ್ತೇ ಕಲ್ಲು ತುಂಬಿ, ಅಲ್ಲಿಗೆ ಇನ್ನೊಂದು ತುಂಡು ಜಾಲರಿ ಹಾಸಿ.
- ಜಾಲರಿಯ ಕಣ್ಣಿಗೆ ಕೂದಲು ಸಿಕ್ಕಿದೆ, ಅಥವಾ ಒಂದು ಕಡೆ ಒಳಕ್ಕೆ ಉಬ್ಬಿದೆ. ಯಾರೋ ಅಲ್ಲೇ ಪದೇ ಪದೇ ಒತ್ತುತ್ತಿದ್ದಾರೆ, ಅಲ್ಲೊಂದು ಗೂಟ ಹೆಚ್ಚಿಸಿ.
- ಬೇಲಿಯೊಳಗೆ ಹಿಕ್ಕೆ ಇದೆ, ತೂತು ಮಾತ್ರ ಕಾಣುತ್ತಿಲ್ಲ. ಪ್ರಾಣಿ ಇನ್ನೂ ಒಳಗೇ ಇರಬಹುದು. ಗೇಟು ತೆರೆದಿಟ್ಟು, ಎದುರು ಕಡೆಯಿಂದ ನಿಧಾನಕ್ಕೆ ಓಡಾಡಿ ಹೊರಗೆ ಕಳಿಸಿ, ಆಮೇಲೆ ಸಂದು ಹುಡುಕಿ.
- ಬೇಲಿಯ ಮೇಲೆ ಮರದ ಕೊಂಬೆ ಚಾಚಿದೆ. ಅದರಲ್ಲಿ ಹಕ್ಕಿಗೂಡು ಇಲ್ಲ ಅಂತ ಖಚಿತ ಮಾಡಿಕೊಂಡು ಕತ್ತರಿಸಿ.

ಏನೇ ಆದರೂ ಇವು ಬೇಡ

ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡಬೇಡಿ. ಪ್ರಾಣಿಯ ಜೊತೆ ಮನುಷ್ಯರೂ ಸಾಯುತ್ತಾರೆ. ಝಟಕಾ ಬೇಲಿ ಬೇಕೇ ಬೇಕು ಅಂದರೆ ಅದಕ್ಕೆಂದೇ ಮಾಡಿದ ಯಂತ್ರವನ್ನು ಗೊತ್ತಿದ್ದವರಿಂದ ಹಾಕಿಸಿ, ನಿಮ್ಮ ಕಡೆಯ ನಿಯಮ ಕೇಳಿಕೊಂಡು. ಎಚ್ಚರಿಕೆಯ ಫಲಕವೂ ಇರಲಿ.

ಇಲಿ ಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಗೂ ವಿಷವೇರುತ್ತದೆ. ನಿಮ್ಮ ಪರವಾಗಿ ರಾತ್ರಿಯೆಲ್ಲ ಹೆಗ್ಗಣ ಹಿಡಿಯುವವರು ಅವರೇ. ನುಸಿಗುಳಿಗೆಯನ್ನು ಮಣ್ಣಿಗೆ ಹಾಕಬೇಡಿ, ಅದು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ. ಬಸವನಹುಳುವಿಗೆ ಉಪ್ಪು ಸುರಿದರೆ ಮಣ್ಣು ಕೆಡುತ್ತದೆ. ಅಂಟು ಬಲೆಯೂ ಬೇಡ. ಪ್ರಾಣಿಯನ್ನು ಹಿಡಿದು ದೂರ ಬಿಟ್ಟುಬರುವುದು ದಯೆಯ ಕೆಲಸ ಅಂತ ಕಾಣಬಹುದು, ಆದರೆ ಗುರುತಿಲ್ಲದ ಜಾಗದಲ್ಲಿ ಎಷ್ಟೋ ಪ್ರಾಣಿಗಳು ಬದುಕುವುದಿಲ್ಲ. ಅನೇಕ ದೇಶಗಳಲ್ಲಿ ಕಾಡುಪ್ರಾಣಿಯನ್ನು ಹಿಡಿಯುವುದು, ಸಾಗಿಸುವುದು ಅಪರಾಧ ಕೂಡ.

ಈಗಾಗಲೇ ತಿಂದುಹೋದ ಗಿಡಕ್ಕೆ ಏನು ಮಾಡಬೇಕು

ಕಿತ್ತು ಎಸೆಯಲು ಅವಸರ ಬೇಡ. ಹರಿದ ತುದಿಯನ್ನು ಚೂಪಾದ ಕತ್ತರಿಯಿಂದ, ಕೆಳಗಿನ ಆರೋಗ್ಯವಾದ ಗಿಣ್ಣಿನ ಸ್ವಲ್ಪ ಮೇಲಕ್ಕೆ ಓರೆಯಾಗಿ ಕತ್ತರಿಸಿ. ಹರಕು ಗಾಯ ಕೊಳೆಯುತ್ತದೆ, ನುಣುಪಾದ ಗಾಯ ಬೇಗ ಮಾಯುತ್ತದೆ. ನೀರು ಕೊಡಿ. ಗೊಬ್ಬರವನ್ನು ಮಾತ್ರ ಬೇಲಿ ಮುಗಿಯುವವರೆಗೆ ತಡೆಯಿರಿ, ಇಲ್ಲದಿದ್ದರೆ ಎರಡನೇ ಪಂಕ್ತಿಗೆ ನೀವೇ ಎಲೆ ಹಾಕಿದ ಹಾಗಾಗುತ್ತದೆ. ಗುಲಾಬಿ, ದಾಸವಾಳ ಸಾಮಾನ್ಯವಾಗಿ ಗಿಣ್ಣಿನಿಂದ ಮತ್ತೆ ಚಿಗುರುತ್ತವೆ. ತೊಗಟೆಯನ್ನು ಕಾಂಡದ ಸುತ್ತ ಪೂರ್ತಿ ಕೆರೆದಿದ್ದರೆ ಆ ಗೆರೆಯ ಮೇಲಿನ ಭಾಗ ಉಳಿಯುವುದಿಲ್ಲ. ಅದನ್ನು ಕತ್ತರಿಸಿ ತೆಗೆದು, ಬುಡದಿಂದ ಚಿಗುರು ಬರುತ್ತದಾ ಅಂತ ಕಾದು ನೋಡಿ. ಕಸಿ ಮಾಡಿದ ಗುಲಾಬಿಯಾದರೆ ಕಸಿಗಂಟಿನ ಮೇಲಿನಿಂದ ಬಂದ ಚಿಗುರನ್ನು ಮಾತ್ರ ಉಳಿಸಿಕೊಳ್ಳಿ.